ಏಳು ತೊಟ್ಟು

ನಾವು ಗೇಟು ದಾಟುವ ಮೊದಲೇ ಶೀನಣ್ಣ ಶುರು ಮಾಡಿದ್ದರು. "ಇಪ್ಪತ್ತೆರಡು-ಸೊನ್ನೆ ಇತ್ತು ಕಣೋ ಮಂಜ! ಅಲ್ಲಿಂದ ಎದ್ದು ಬಂದು ಗೆದ್ದರು. ಆಡಿಸಿದ್ದು ಯಾರು ಹೇಳು? ಮೂವತ್ತೈದು ವರ್ಷದ ಜೇಮ್ಸ್ ಓಕಾನರ್!"

ಹಿಂದಿನ ರಾತ್ರಿ, ಅಂದರೆ 2025ರ ಆಗಸ್ಟ್ 16ಕ್ಕೆ, ಜೋಹಾನ್ಸ್‌ಬರ್ಗಿನ ಎಲ್ಲಿಸ್ ಪಾರ್ಕಿನಲ್ಲಿ ಆಸ್ಟ್ರೇಲಿಯಾದ ರಗ್ಬಿ ತಂಡ ವಾಲಬೀಸ್ ದಕ್ಷಿಣ ಆಫ್ರಿಕಾವನ್ನು 38-22ಕ್ಕೆ ಸೋಲಿಸಿತ್ತು. ಆ ಮೈದಾನದಲ್ಲಿ ಆಸ್ಟ್ರೇಲಿಯಾ ಅದಕ್ಕೆ ಮುಂಚೆ ಗೆದ್ದಿದ್ದು 1963ರಲ್ಲಿ. ಸಿಡ್ನಿಯಲ್ಲಿ ಆಟ ಶುರುವಾಗುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ನಾನಂತೂ ನಿದ್ದೆಯಲ್ಲಿದ್ದೆ.

"ಪೂರ್ತಿ ನೋಡಿದಿರಾ ಶೀನಣ್ಣ?" ಅಂದ ಮಂಜ.

"ಮತ್ತೆ?"

"ಇಪ್ಪತ್ತೆರಡು-ಸೊನ್ನೆ ಆದಾಗ ಬೈದು ಟೀವಿ ಆರಿಸಿ ಮಲಗಿದರು" ಅಂತ ಅಡುಗೆಮನೆಯಿಂದ ಪದ್ದಕ್ಕ. "ಇವರ ಪಾಲಿಗೆ ಗೆದ್ದಿದ್ದು ಬೆಳಗ್ಗೆ, ಚಿನ್ನು ಹೇಳಿದ ಮೇಲೆ."

"ಅನುಭವ ಇರೋನು ಪೂರ್ತಿ ನೋಡಬೇಕಾಗಿಲ್ಲ ಕಣೆ" ಅಂದರು ಶೀನಣ್ಣ, ಸ್ವಲ್ಪವೂ ಅಲುಗಾಡದೆ.

ಹಿತ್ತಲಲ್ಲಿ ಕುರ್ಚಿ ಹಾಕಿದ್ದರು. ಚಳಿ ಇತ್ತು, ಮೆಣಸಿನಕಾಯಿ ಬಜ್ಜಿ ಬಿಸಿ ಇತ್ತು, ಮಂಜನ ಬಾಯಲ್ಲಿ ಆ ಪದ ಇತ್ತು. ಅವನು ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಪದ ತಡೆಯುವುದಕ್ಕೆ ಆಗಲ್ಲ ಅವನಿಗೆ. "ಒಂದು ಮ್ಯಾಚ್ ಬಿಡಿ ಶೀನಣ್ಣ. 2027ರ ವಿಶ್ವಕಪ್ ಇಲ್ಲೇ, ನಮ್ಮ ದೇಶದಲ್ಲೇ. ಆಗ ಓಕಾನರ್‌ಗೆ ಮೂವತ್ತೇಳು. ಈಗಿಂದಲೇ ರೀಬಿಲ್ಡಿಂಗ್ ಮಾಡಬೇಕು."

ಶೀನಣ್ಣ ಕೈಯಲ್ಲಿದ್ದ ಬಜ್ಜಿ ಕೆಳಗಿಟ್ಟರು.

"ರೀಬಿಲ್ಡಿಂಗು! ಮನೆ ಕಟ್ಟೋನು ಕೂಡ ಬಾಡಿಗೆ ಮನೆ ನೋಡಿಕೊಂಡು ಆಮೇಲೆ ಹಳೇದನ್ನು ಕೆಡವುತ್ತಾನೆ ಕಣೋ. ಇವರು ಮೊದಲು ಕೆಡವಿ, ಆಮೇಲೆ ಬೀದೀಲಿ ನಿಂತು, ನೋಡಿ ಎಷ್ಟು ಗಾಳಿ ಬೆಳಕು ಅಂತಾರೆ. 2023 ಮರೆತೆಯಾ?"

ಮರೆಯುವ ಹಾಗೆ ಇರಲಿಲ್ಲ. ಆ ವರ್ಷ ಕೋಚ್ ಎಡ್ಡಿ ಜೋನ್ಸ್ ವಿಶ್ವಕಪ್‌ಗೆ 33 ಜನರನ್ನು ಆರಿಸಿದಾಗ 125 ಟೆಸ್ಟ್ ಆಡಿದ್ದ ಮೈಕಲ್ ಹೂಪರ್ ಇಲ್ಲ, ಕ್ವೇಡ್ ಕೂಪರ್ ಇಲ್ಲ. ಆಟ ನಡೆಸುವ ಫ್ಲೈ-ಹಾಫ್ ಜಾಗಕ್ಕೆ ಇಪ್ಪತ್ತೆರಡು ವರ್ಷದ ಕಾರ್ಟರ್ ಗಾರ್ಡನ್. ಜಾರ್ಜಿಯಾ ಮೇಲೆ ಗೆದ್ದರು. ಫಿಜಿ ಕೈಯಲ್ಲಿ 22-15ಕ್ಕೆ ಸೋತರು. ಫಿಜಿ ಅದಕ್ಕೆ ಮುಂಚೆ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 1954ರಲ್ಲಿ! ಆಮೇಲೆ ವೇಲ್ಸ್ ಕೈಯಲ್ಲಿ 40-6. ಎರಡು ಸಲ ವಿಶ್ವಕಪ್ ಗೆದ್ದ ತಂಡ ಮೊದಲ ಬಾರಿಗೆ ಗುಂಪಿನ ಹಂತದಲ್ಲೇ ಮನೆಗೆ ಬಂತು. ಕೋಚ್ ಅಕ್ಟೋಬರ್ ಮುಗಿಯುವಷ್ಟರಲ್ಲಿ ಹೊರಟರು.

"ಆ ಗಾರ್ಡನ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ" ಅಂದರು ಶೀನಣ್ಣ. "ಪಾಪ. ಹೇಳಿಕೊಡುವುದಕ್ಕೆ ಪಕ್ಕದಲ್ಲಿ ಒಬ್ಬ ಹಿರಿಯ ಇರಲಿಲ್ಲ. ಹಗ್ಗ ಎಳೆಯುವಾಗ ಏನು ಮಾಡ್ತೀವಿ? ಮುಂದೆ ಏಳು ಜನ ಯಾರಾದರೂ ಇರಲಿ, ಹಿಂದೆ ಮೈಗೆ ಹಗ್ಗ ಸುತ್ತಿಕೊಂಡು ನಿಲ್ಲೋನು ಒಬ್ಬ ಗಟ್ಟಿ ಆಳು ಇರಬೇಕು ಅಲ್ವಾ?"

ಗಿರಿ ತಟ್ಟೆಯ ಅಂಚಿಗೆ ಒಂದು ಮೆಣಸಿನಕಾಯಿ ತೊಟ್ಟು ಇಟ್ಟ. ನನಗೆ ಆಗ ಅರ್ಥ ಆಗಲಿಲ್ಲ.

"ಹಾಗಾದರೆ ಹುಡುಗರು ಶುರು ಮಾಡುವುದು ಯಾವಾಗ?" ಮಂಜ ಬಿಡಲಿಲ್ಲ. "ಜೋನಾ ಲೋಮು ಹತ್ತೊಂಬತ್ತಕ್ಕೆ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್‌ಗೆ ಬಂದ. ಮರುವರ್ಷ, 1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಗೆರೆ ದಾಟಿ ಚೆಂಡು ಊರಿ ನಾಲ್ಕು ಟ್ರೈ. ವೇಲ್ಸ್‌ನ ಜಾರ್ಜ್ ನಾರ್ತ್ ಹದಿನೆಂಟಕ್ಕೆ ಬಂದು ಮೊದಲ ಆಟದಲ್ಲೇ ದಕ್ಷಿಣ ಆಫ್ರಿಕಾ ಮೇಲೆ ಎರಡು."

"ಅವರು ಓಡೋ ಹುಡುಗರು ಕಣೋ. ಅಂಚಲ್ಲಿ ನಿಂತು ಓಡೋಕೆ ಕಾಲು ಸಾಕು. ಎರಡೂ ಕಡೆಯವರು ತಲೆ ಕೊಟ್ಟು ತಳ್ಳಾಡೋ ಸ್ಕ್ರಮ್ಮಿನ ಮುಂದೆ ಹೋಗಿ ನಿಲ್ಲಿಸು ನೋಡೋಣ ಹದಿನೆಂಟರವನನ್ನು! ಅಲ್ಲಿ ಮುಂದಿನ ಸಾಲಲ್ಲಿ ನಿಂತು ತಳ್ಳೋ ಪ್ರಾಪ್ ಅಂದರೆ ಮೂವತ್ತಕ್ಕೆ ಪಕ್ವ. ಜೇಮ್ಸ್ ಸ್ಲಿಪ್ಪರ್ ನೋಡು, 2010ರಿಂದ ತಲೆ ಕೊಟ್ಟು ತಳ್ಳುತ್ತಾನೇ ಇದ್ದಾನೆ, ನಾಲ್ಕು ವಿಶ್ವಕಪ್ ಆಯಿತು. ಆ ಕೆಲಸ ಶಕ್ತಿಯದಲ್ಲ, ಹಿಮ್ಮಡಿ ಎಲ್ಲಿ ಊರಬೇಕು ಅನ್ನೋ ಲೆಕ್ಕದ್ದು. ಹಗ್ಗದಲ್ಲೂ ಅಷ್ಟೇ."

ಎರಡನೇ ತೊಟ್ಟು.

ಗಿರಿ ಬಂದು ಆರು ತಿಂಗಳಾಗಿದೆ ಅಷ್ಟೇ, ರಗ್ಬಿ ಅಂದರೆ ಚೆಂಡಿಗಾಗಿ ನಡೆಯುವ ಹೊಡೆದಾಟ ಅಂತಲೇ ಅಂದುಕೊಂಡಿದ್ದಾನೆ. "ನಮ್ಮ ಕರುಣ್ ನಾಯರ್ ಕೂಡ ಮೂವತ್ತಮೂರಕ್ಕೆ ವಾಪಸ್ ಬಂದ ಅಲ್ವಾ ಅಣ್ಣ?" ಅಂದ.

"ನೋಡು! 2016ರಲ್ಲಿ ಚೆನ್ನೈಯಲ್ಲಿ ಮುನ್ನೂರಮೂರು, ಔಟಾಗದೆ. ಆಮೇಲೆ ಎಂಟು ವರ್ಷ ಬಾಗಿಲು ಹಾಕಿದರು."

"ವಾಪಸ್ ಬಂದು ಇಂಗ್ಲೆಂಡಿನಲ್ಲಿ ಒಂದೇ ಅರ್ಧಶತಕ" ಅಂದ ಮಂಜ.

"ಎಂಟು ವರ್ಷ ಬಾವಿಗೆ ಇಳಿಸದ ಹಗ್ಗ ಒಂದೇ ದಿನಕ್ಕೆ ನೀರು ಸೇದುತ್ತದೇನೋ?"

"ಇದು ಬಾವಿ ಹಗ್ಗ" ಅಂತ ನಾನು ಗಿರಿಯ ಕಿವಿಯಲ್ಲಿ ಹೇಳಿದೆ, ಆಗಲೇ ನನಗೂ ಲೆಕ್ಕ ಗೊತ್ತಾಗಿತ್ತು. ಅವನು ಯೋಚನೆ ಮಾಡಿ ಅದಕ್ಕೂ ಒಂದು ತೊಟ್ಟು ಇಟ್ಟ. ಮೂರು.

ಶೀನಣ್ಣನಿಗೆ ಈಗ ವೇಗ ಬಂದಿತ್ತು. 2023ರಲ್ಲಿ ಕಪ್ ಗೆದ್ದ ದಕ್ಷಿಣ ಆಫ್ರಿಕಾದ ಕಥೆ ಎತ್ತಿಕೊಂಡರು. ಮಾಲ್ಕಮ್ ಮಾರ್ಕ್ಸ್ ಅನ್ನುವ ಹೂಕರ್, ಅಂದರೆ ಸ್ಕ್ರಮ್ಮಿನ ಮುಂದಿನ ಸಾಲಿನ ನಡುವೆ ನಿಲ್ಲುವ ಆಳು, ಗಾಯವಾಗಿ ಹೊರಗೆ ಹೋದ. ಅವನ ಬದಲು ಇನ್ನೊಬ್ಬ ಹೂಕರ್ ಕರೆಯಬೇಕು ತಾನೇ? ಅವರು ಕರೆದಿದ್ದು ಹಳೇ ಫ್ಲೈ-ಹಾಫ್ ಹ್ಯಾಂಡ್ರೆ ಪೊಲಾರ್ಡ್‌ನನ್ನು. ಫೈನಲ್‌ನಲ್ಲಿ ನೋಡಿದರೆ ಉಳಿದಿದ್ದ ಹೂಕರ್ ಬೊಂಗಿ ಎಂಬೊನಾಂಬಿ ಕೂಡ ಶುರುವಿನಲ್ಲೇ ಗಾಯವಾಗಿ ಹೋದ. ಆಗ ಆ ಜಾಗಕ್ಕೆ ಬಂದವನು ಮೂವತ್ತೇಳು ವರ್ಷದ ಡಿಯೋನ್ ಫೂರಿ. ಆಟ ಮುಗಿಯುವವರೆಗೂ ನಿಂತ. ಗೆದ್ದಿದ್ದು 12-11ಕ್ಕೆ, ಆ ಹನ್ನೆರಡೂ ಪೊಲಾರ್ಡ್ ಒದ್ದಿದ್ದು.

"ಸ್ಟೀಫನ್ ಡೊನಾಲ್ಡ್ ಕಥೆ ಹೇಳಿ" ಅಂದೆ ನಾನು. ಬೆಂಕಿಗೆ ತುಪ್ಪ ಅಂತ ಗೊತ್ತಿತ್ತು, ಆದರೆ ನನಗೆ ಆ ಕಥೆ ಇಷ್ಟ.

"ಆಹಾ! 2011, ನ್ಯೂಜಿಲೆಂಡ್. ಫ್ಲೈ-ಹಾಫ್ ಡಾನ್ ಕಾರ್ಟರ್‌ಗೆ ಗಾಯ. ಬದಲಿಗೆ ಬಂದ ಸ್ಲೇಡ್‌ಗೂ ಗಾಯ. ಈ ಡೊನಾಲ್ಡ್‌ನನ್ನು ಬೇಡ ಅಂತ ಬಿಟ್ಟಿದ್ದರು. ಅವನು ಹೋಗಿ ನದೀಲಿ ಮೀನು ಹಿಡಿಯುತ್ತಾ ಇದ್ದ, ಕೋಚ್ ಫೋನ್ ಮಾಡಿದರೆ ಎತ್ತಲೂ ಇಲ್ಲ. ಬಂದ. ಫೈನಲ್‌ನಲ್ಲಿ ಕ್ರೂಡನ್‌ಗೂ ಗಾಯ, ಇವನು ಇಳಿದ. ಅಂಗಿ ಬಿಗಿ, ಹೊಟ್ಟೆ ಮೇಲೆ ನಿಲ್ಲುತ್ತಲೇ ಇಲ್ಲ. ಆ ಹೊಟ್ಟೆ ಇಟ್ಟುಕೊಂಡೇ ಪೆನಾಲ್ಟಿ ಒದ್ದ. 8-7! ಫ್ರಾನ್ಸ್ ಮೇಲೆ! ಗೆದ್ದಿದ್ದು ಒಂದು ಪಾಯಿಂಟಿನಲ್ಲಿ, ಅವನು ಒದ್ದಿದ್ದು ಮೂರು. ಹೊಟ್ಟೆ ಬಂದವನು ಬೇಡ ಅನ್ನೋರಿಗೆ ಇದನ್ನು ತೋರಿಸಬೇಕು. ಹಗ್ಗಕ್ಕಂತೂ ಹೊಟ್ಟೆ ಇದ್ದರೇ ಒಳ್ಳೇದು, ಸುತ್ತಿದರೆ ಜಾರಲ್ಲ."

ನಾಲ್ಕು. ಮಂಜ ತಡೆಯಲಾರದೆ ಕೇಳಿಯೇ ಬಿಟ್ಟ. "ಶೀನಣ್ಣ, ಆಗಿಂದ ಏನಿದು ಹಗ್ಗ ಹಗ್ಗ?"

ಶೀನಣ್ಣ ಕಾಫಿ ಲೋಟದ ಒಳಗೆ ನೋಡಿದರು.

"ನಾನು ಹೇಳ್ತೀನಿ" ಅಂತ ಪದ್ದಕ್ಕ ಇನ್ನೊಂದು ತಟ್ಟೆ ತಂದಿಟ್ಟರು. "ಮುಂದಿನ ತಿಂಗಳು ಪಿಕ್ನಿಕ್ ಇದೆಯಲ್ಲ, ಮಂಡ್ಯ-ಮೈಸೂರಿನವರಿಗೂ ಬೆಂಗಳೂರಿನವರಿಗೂ ಹಗ್ಗಜಗ್ಗಾಟ. ಹದಿನಾಲ್ಕು ವರ್ಷದಿಂದ ಮಂಡ್ಯದ ಕಡೆ ಕೊನೇ ಆಳು ಇವರೇ. ಈ ಸಲ ವಾಟ್ಸಾಪ್‌ನಲ್ಲಿ ಪಟ್ಟಿ ಬಂತು. ಇವರ ಹೆಸರು ಇಲ್ಲ."

"ಇದೆ" ಅಂದರು ಶೀನಣ್ಣ. "ಮಾರ್ಗದರ್ಶಕರು ಅಂತ ಹಾಕಿದ್ದಾರೆ. ನೀರಿನ ಬಾಟಲಿ ಹಿಡಿಯೋನಿಗೆ ಈಗ ಹಾಗಂತಾರಂತೆ."

ಯಾರೂ ನಗಲಿಲ್ಲ, ಅಂದರೆ ತಕ್ಷಣಕ್ಕೆ.

"ನೋಡಿ, ಇದು ಎಂಥ ಲೆಕ್ಕ ಅಂತ ನನಗೆ ತಿಳಿಯೋದೇ ಇಲ್ಲ" ಅಂದರು ಶೀನಣ್ಣ, ಈ ಸಲ ಮೆಲ್ಲಗೆ. "ಹುಡುಗರು ಸೋತರೆ ಪರವಾಗಿಲ್ಲ, ಅನುಭವ ಬಂತು ಅಂತಾರೆ. ಹಾಗೆ ಸೋತು ಸೋತು ಅನುಭವ ಬಂದಮೇಲೆ, ವಯಸ್ಸಾಯಿತು ಮನೆಗೆ ಹೋಗು ಅಂತಾರೆ. ಹಾಗಾದರೆ ಆ ಅನುಭವ ಬಂದಿದ್ದು ಯಾವ ಮ್ಯಾಚಿಗೆ?"

ಮಂಜನಿಗೆ ಇದಕ್ಕೆ ಸ್ಲೈಡ್ ಸಿಗಲಿಲ್ಲ. ಗಿರಿ ಮಾತ್ರ ಕೇಳಬಾರದ್ದನ್ನು ಕೇಳಿದ. "ನಿಮ್ಮ ಜಾಗಕ್ಕೆ ಯಾರನ್ನು ಹಾಕಿದರು ಅಣ್ಣ?"

ಪದ್ದಕ್ಕ ಒಳಗೆ ತಿರುಗಿ ಕೂಗಿದರು. "ಚಿನ್ನೂ, ಕೆಚಪ್ ತಾರೋ!"

ಚಿನ್ನು ಬಂದ. ಹದಿನೇಳು ವರ್ಷ, ಸ್ಕೂಲಿನ ತಂಡದಲ್ಲಿ ಪ್ರಾಪ್, ಬಾಗಿಲಲ್ಲಿ ಸ್ವಲ್ಪ ಓರೆಯಾಗಿಯೇ ಬರಬೇಕು. ಬಾಟಲಿ ಇಟ್ಟು, ನಮ್ಮ ಮುಖ ನೋಡಿ, "ಏನು?" ಅಂದ.

"ಏನಿಲ್ಲ" ಅಂದೆವು ನಾಲ್ಕೂ ಜನ.

ಮಂಜ ಸಮಾಧಾನಕ್ಕೆ ಅಂತ ಬಾಯಿ ಬಿಟ್ಟ. "ಈ ಓಕಾನರ್ ಕೂಡ ವಾಲಬೀಸ್‌ಗೆ ಬಂದಾಗ ಹದಿನೆಂಟೇ ಶೀನಣ್ಣ. 2008ರಲ್ಲಿ, ಇಟಲಿ ಮೇಲೆ. ಆಗ ಎಲ್ಲರೂ ಅವನನ್ನೇ ಭವಿಷ್ಯ ಅಂದಿದ್ದರು."

"ಗೊತ್ತು ಕಣೋ. ಆ ಸಲ ನಾನೂ ಅಂದಿದ್ದೆ. ನಾವು ಈ ದೇಶಕ್ಕೆ ಬಂದ ವರ್ಷ ಅದು. ಚಿನ್ನು ಹುಟ್ಟಿದ ವರ್ಷವೂ ಅದೇ. ಇವನನ್ನು ತೊಡೆ ಮೇಲೆ ಮಲಗಿಸಿಕೊಂಡು, ಅರ್ಥ ಆಗದ ಆಟ ನೋಡುತ್ತಾ, ಈ ಹುಡುಗ ಯಾರೋ ಚುರುಕಾಗಿದ್ದಾನಲ್ಲ ಅಂತ ಪದ್ದಿಗೆ ಹೇಳಿದ್ದೆ. ಹಳಬರನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ, ಅಂತಲೂ ಹೇಳಿದ್ದೆ."

ಗಿರಿ ತೊಟ್ಟು ಹಿಡಿದುಕೊಂಡು ಕಾಯುತ್ತಿದ್ದ. ಹಗ್ಗ ಬರಲಿಲ್ಲ. ತೊಟ್ಟನ್ನು ಸುಮ್ನೆ ತಟ್ಟೆಯಲ್ಲಿ ಬಿಟ್ಟ.

ಆಗ ಚಿನ್ನು ಗ್ಯಾರೇಜಿಗೆ ಹೋಗಿ ಟ್ರೈಲರಿಗೆ ಸಾಮಾನು ಕಟ್ಟುವ ನೀಲಿ ಹಗ್ಗ ತಂದ. "ಅಪ್ಪ, ಮೈಗೆ ಹೇಗೆ ಸುತ್ತೋದು? ಹೆಗಲ ಮೇಲಿಂದಾನಾ, ಕಂಕುಳ ಕೆಳಗಿಂದಾನಾ?"

"ನಿಮ್ಮ ರೀಬಿಲ್ಡಿಂಗ್‌ನವರನ್ನೇ ಕೇಳು."

"ಅವರಿಗೆ ಗೊತ್ತಿಲ್ಲ. ಯೂಟ್ಯೂಬ್ ನೋಡು ಅಂದರು."

ಶೀನಣ್ಣ ಎದ್ದರು. ಯೂಟ್ಯೂಬ್ ಅಂದಮೇಲೆ ಕೂರುವುದಕ್ಕೆ ಆಗುತ್ತದೆಯೇ! "ಕಂಕುಳ ಕೆಳಗಿಂದ ಕಣೋ. ಅಲ್ಲಿಂದ ಬೆನ್ನ ಮೇಲೆ, ಇನ್ನೊಂದು ಹೆಗಲ ಮೇಲಿಂದ ಮುಂದಕ್ಕೆ. ಗಂಟು ಹಾಕಬೇಡ, ಹಗ್ಗಕ್ಕೆ ಗಂಟು ಹಾಕಿದರೆ ಜೀವಕ್ಕೆ ಅಪಾಯ. ಹಿಮ್ಮಡಿ ಊರು. ಇನ್ನೂ ಆಳಕ್ಕೆ. ಆಕಾಶ ನೋಡು, ನನ್ನನ್ನು ನೋಡಬೇಡ." ಇನ್ನೊಂದು ತುದಿ ತಾವು ಹಿಡಿದುಕೊಂಡರು. "ಎಳಿ ಈಗ."

ಚಿನ್ನು ಎಳೆದ. ಶೀನಣ್ಣ ಒದ್ದೆ ಹುಲ್ಲಿನ ಮೇಲೆ ಎರಡು ಅಡಿ ಜಾರಿಕೊಂಡು ಹೋಗಿ, ಮೆಲ್ಲಗೆ, ಬಸ್ಸಿನಲ್ಲಿ ಸೀಟು ಸಿಕ್ಕಿದವರ ಹಾಗೆ ಕೂತರು.

"ಅಪ್ಪ!"

"ಹಗ್ಗ ಬಿಡಬೇಡ ಅಂತ ಹೇಳಿರಲಿಲ್ವಾ? ಗೆದ್ದ ತಕ್ಷಣ ಬಿಡೋದು ಹುಡುಗರ ಬುದ್ಧಿ. ಏಳಿಸು. ಇನ್ನೊಂದು ಸಲ."

ಗಿರಿಯ ತಟ್ಟೆಯಲ್ಲಿ ಈಗ ಏಳು ತೊಟ್ಟು. ನೀಲಿ ಹಗ್ಗಕ್ಕೂ ಒಂದು ಲೆಕ್ಕ ಹಿಡಿದಿದ್ದು ತಪ್ಪು ಅಂತ ಮಂಜ ತಕರಾರು ತೆಗೆದ, ಅದನ್ನು ಯಾರೂ ಬಾಯಲ್ಲಿ ಹೇಳಿರಲಿಲ್ಲವಂತೆ. ಪದ್ದಕ್ಕ ಬಾಗಿಲಲ್ಲಿ ನಿಂತು, "ರೀ, ಆ ಪ್ಯಾಂಟು ನೀವೇ ಒಗೆಯಬೇಕು" ಅಂದರು.