ಕಲಬುರಗಿ ಬ್ಯಾಸಗಿಗಿ ಕೂಲರೋ, ಎಸಿಯೋ? ಅನುಭವ ಇದ್ದವರು ಹೇಳ್ರಿ

ನಾನು ಬೆಂಗಳೂರಾಗ ನೌಕರಿ ಮಾಡ್ತೀನ್ರಿ. ಅಪ್ಪ, ಅವ್ವ ಇಬ್ಬರೇ ಕಲಬುರಗಿಯೊಳಗ ಜೇವರ್ಗಿ ರಸ್ತೆ ಕಡೆ ಮ್ಯಾಲಿನ ಬಾಡಿಗಿ ಮನ್ಯಾಗ ಅದಾರ. ತಲಿ ಮ್ಯಾಲ ಬರೇ ಆರ್‌ಸಿಸಿ ಸ್ಲ್ಯಾಬ್. ಅಪ್ಪಗ 68 ವರ್ಷ, ಬಿಪಿ ಗುಳಿಗಿ ನಡದಾವ. ಹೋದ ಬ್ಯಾಸಗ್ಯಾಗ ಎರಡು ಸಲ ತಲಿ ತಿರುಗಿ ಬಿದ್ದಾರ. ಎಸಿ ಹಾಕಸ್ತೀನಂದ್ರ "ಬಿಲ್ ಸೊನ್ನಿ ಬರ್ಲಿಕತ್ತದ, ಅದನ್ನ ಯಾಕ ಕಳಕೊಳ್ಳೂದು" ಅಂತಾರ. ಕೂಲರ್ ಸಾಕಾಗ್ತದೇನು? ಇನ್ವರ್ಟರ್ ಬೇಕೇನು? ನಿಮ್ಮ ಮನ್ಯಾಗ ಏನು ಮಾಡೀರಿ, ಸ್ವಲ್ಪ ಹೇಳ್ರಿ.

ಬೀದರದಿಂದ:

ನಮ್ಮ ಮನ್ಯಾಗ ಇನ್ನೂ ಕೂಲರ್ ಮ್ಯಾಲೇ ನಡೀಲಿಕತ್ತದ್ರಿ. ಆದ್ರ ನಮ್ಮ ಊರು ಕಲಬುರಗಿಗಿಂತ ಎತ್ತರದಾಗ ಅದ, ರಾತ್ರಿ ಗಾಳಿ ಬರ್ತದ. ನಮ್ಮದು ನೋಡಿ ನೀವು ನಿರ್ಧಾರ ಮಾಡಬ್ಯಾಡ್ರಿ. ಕಲಬುರಗಿ ಮಂದಿ ಹೇಳೂದು ಕೇಳ್ರಿ.

ಶಹಾಬಜಾರದಿಂದ:

ತಂಗಿ, ನಮ್ಮದೂ ಕಲಬುರಗಿಯೊಳಗ ಮ್ಯಾಲಿನ ಮನೀನೇ. ನಮ್ಮ ಅತ್ತಿಯವರು ಹಳೇ ಮಾಳಗಿ ಮನ್ಯಾಗ ಬಾಳಿದವರು. ದಪ್ಪನ ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ, ಕೆಳಗ ಶಹಾಬಾದ್ ಫರ್ಶಿ. ಸ್ಲ್ಯಾಬಿನ ಮನಿಗಿ ಬಂದ ಮೊದಲನೇ ಮೇ ತಿಂಗಳಾಗ ಒಂದಿನ ರಾತ್ರಿ ಹನ್ನೊಂದಕ್ಕ ಎದ್ದು ಕೂತರು. ಗ್ವಾಡಿಗಿ ಅಂಗೈ ಹಚ್ಚಿ, "ಇದಕ್ಕ ಜ್ವರ ಬಂದಾವ ನೋಡವಾ" ಅಂದ್ರು. ನಾನೂ ಕೈ ಇಟ್ಟೆ. ಖರೇನೇ ಬಿಸಿ ಇತ್ತು. ಇಡೀ ದಿನ ಕುಡಿದ ಬಿಸಲನ್ನ ಸ್ಲ್ಯಾಬ್ ರಾತ್ರಿ ನಮ್ಮ ಮ್ಯಾಲ ಬಿಡ್ತದ, ಫ್ಯಾನ್ ಹಾಕಿದ್ರ ಅದೇ ಬಿಸಿನ್ನ ಕೆಳಗ ತಳ್ತದ. ಅದಕ್ಕ ನನ್ನ ಮೊದಲನೇ ಮಾತು: ಯಾವ ಮಷೀನ್ ತರೂದಿದ್ರೂ ಅದಕ್ಕಿಂತ ಮೊದಲ ಸ್ಲ್ಯಾಬಿಗಿ ಸುಣ್ಣ ಬಳಸ್ರಿ.

ನಾವು ಮಾರ್ಚ್ ಮೊದಲನೇ ವಾರದಾಗ ಸ್ಲ್ಯಾಬ್ ಕಸ ಹೊಡದು, ತೊಳದು, ಒಂದು ರಾತ್ರಿ ನೆನೆಸಿಟ್ಟ ಸುಣ್ಣಕ್ಕ ಫೆವಿಕಾಲ್ ಕಲಿಸಿ ಎರಡು ಕೈ ಬಳಸ್ತೀವಿ. ಮಧ್ಯಾಹ್ನ ಮೂರಕ್ಕ ಮ್ಯಾಲ ಹೋಗಿ ನೋಡ್ರಿ: ಸುಣ್ಣ ಬಳದ ಜಾಗಾದಾಗ ಬರಿಗಾಲಿಲೆ ನಿಂದ್ರಬಹುದು, ಬಳೀಲಾರದ ಕಡೆ ಒಂದು ಹೆಜ್ಜಿ ಇಡಾಕ ಆಗೂದಿಲ್ಲ. ಮಳಿಗಾಲದಾಗ ತೊಳಕೊಂಡು ಹೋಗ್ತದ, ವರ್ಷಾ ವರ್ಷಾ ಬಳೀಬೇಕು. ಈಗ ಬಿಳಿ ಕೂಲ್ ರೂಫ್ ಪೇಂಟ್ ಸಿಗ್ತದ, ಅದು ಹೆಚ್ಚು ದಿನ ಬಾಳಕಿ ಬರ್ತದ, ರೊಕ್ಕಾನೂ ಹೆಚ್ಚು. ನಿಮ್ಮದು ಬಾಡಿಗಿ ಮನಿ, ಸುಣ್ಣ ಸಾಕು. ಮಾಲಕರಿಗಿ ಒಂದು ಮಾತು ಕೇಳಿ ಬಿಡ್ರಿ.

ಇನ್ನ ಕೂಲರ್. ಭಾಳ ಮಂದಿ ಎಸಿ ಹಂಗ ಬಾಗಲಾ, ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಾಕ್ತಾರ. ಅರ್ಧಾ ತಾಸಿಗಿ ಹಾಸಗಿ ಜಿಗಿಜಿಗಿ ಆಗ್ತದ, ಕೂಲರಿಗಿ ಬಯ್ತಾರ. ನೀರು ಆವಿ ಆಗುವಾಗ ಗಾಳಿಯೊಳಗಿನ ಬಿಸಿ ಎಳಕೊಳ್ತದ, ತಂಪು ಬರೂದು ಅದರಿಂದ. ಹೊರಗಿನ ಒಣಾ ಗಾಳಿ ಕೂಲರಿನ ಬೆನ್ನಿಗಿರೂ ನೀರಿನಾಗ ನೆನೆದ ಪ್ಯಾಡಿಗಿ ಬರಬೇಕು, ಒಳಗಿನ ಹಸಿ ಗಾಳಿ ಹೊರಗ ಹೋಗಬೇಕು. ಕೂಲರಿನ ಬೆನ್ನು ಕಿಟಕಿಗಿ ಹಚ್ಚಿ ಇಡ್ರಿ, ಎದುರಿನ ಬಾಗಲಾ ಸ್ವಲ್ಪ ತೆರದಿಡ್ರಿ. ಏಪ್ರಿಲ್, ಮೇ ತಿಂಗಳಾಗ ನಮ್ಮ ಕಡಿ ಗಾಳಿ ಕಾದ ಹಂಚಿನಂಗ ಒಣಗಿರ್ತದ, ಆಗ ಕೂಲರ್ ಭಾಳ ಛಲೋ ನಡೀತದ. ಜೂನ್‌ದಾಗ ಮಳಿ ಹಿಡದ ಮ್ಯಾಲ ನೀರಿನ ಪಂಪ್ ಬಂದ್ ಮಾಡಿ ಬರೇ ಗಾಳಿ ತಗೋರಿ.

ಬೋರಿನ ನೀರು ಹಾಕಿದ್ರ ಪ್ಯಾಡಿನ ಮ್ಯಾಲ ಬೆಳ್ಳಗ ಉಪ್ಪಿನ ಪದರು ಕೂಡ್ತದ. ಎರಡನೇ ವರ್ಷ ನಮ್ಮ ಪ್ಯಾಡ್ ಹಪ್ಪಳದಂಗ ಮುರದು ಕೈಯಾಗ ಬಂತು. ಅವತ್ತಿನಿಂದ ನಳದ ನೀರೇ ಹಾಕ್ತೀನಿ. ವಾರಕ್ಕೊಮ್ಮಿ ಟ್ಯಾಂಕ್ ಖಾಲಿ ಮಾಡಿ ತಿಕ್ಕಿ ತೊಳೀಬೇಕು, ಇಲ್ಲಂದ್ರ ಡೆಂಗಿ ಸೊಳ್ಳಿ ಅದರಾಗೇ ಹುಟ್ತಾವ. ತಗಡಿನ ಕೂಲರ್ ಇದ್ರ ಅರ್ಥಿಂಗ್ ನೋಡಸ್ರಿ. ನೀರು ಹಾಕುವಾಗ ಪ್ಲಗ್ ಕಿತ್ತೇ ಹಾಕಬೇಕು. ಅವ್ವಗ ಇದನ್ನ ಹತ್ತು ಸಲ ಹೇಳ್ರಿ.

ಇಷ್ಟು ಹೇಳಿದ ಮ್ಯಾಲೂ, ಎರಡು ಸಲ ಬಿದ್ದ ಅಪ್ಪಗ ಬರೇ ಕೂಲರ್ ಸಾಕು ಅಂತ ಹೇಳಾಕ ನನ್ನ ಮನಸು ಒಪ್ಪೂದಿಲ್ಲ. ಒಂದು ಸಣ್ಣ ಕೋಲಿಗಿ ಎಸಿ ಹಾಕಸ್ರಿ. ಮಧ್ಯಾಹ್ನ 12ರಿಂದ 5ರ ತನಕ ಇಬ್ಬರೂ ಅದರಾಗೇ ಇರಲಿ. 26ಕ್ಕ ಇಟ್ಟು ಫ್ಯಾನ್ ಹಾಕಿದ್ರ ಸಾಕು, 18ಕ್ಕ ಇಡೂದು ಬ್ಯಾಡ. ರಾತ್ರಿಗಿ ಕೂಲರ್ ಇರಲಿ.

ವೈರಿಂಗ್ ಕೆಲಸದವರು, ಕಲಬುರಗಿ:

ಅಕ್ಕಾರ ಹೇಳಿದ್ದು ಖರೇ ಅದ. ನಾನು ಬಿಲ್ಲಿನ ಲೆಕ್ಕ ಹೇಳ್ತೀನಿ. ನಿಮ್ಮ ಸೊನ್ನಿ ಬಿಲ್ ಬರೂದು ಗೃಹಜ್ಯೋತಿ ಯೋಜನಾದಿಂದ. ಅದಕ್ಕ ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯೊಳಗೇ, 2023ರ ಆಗಸ್ಟ್ 5ಕ್ಕ. ಆದ್ರೂ ಇಲ್ಲಿ ಭಾಳ ಮಂದಿ 200 ಯೂನಿಟ್ ತನಕ ಎಲ್ಲಾರಿಗೂ ಪುಕ್ಕಟ ಅಂತ ತಿಳಕೊಂಡಾರ. ಹಂಗಿಲ್ರಿ. 2022-23ರಾಗ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತು, ಅದರ ಮ್ಯಾಲ ನೂರಕ್ಕ ಹತ್ತು (ಸರಾಸರಿ 48ಕ್ಕಿಂತ ಕಡಿಮಿ ಇದ್ರ ಹತ್ತು ಯೂನಿಟ್), ಅಷ್ಟು ನಿಮ್ಮ ಹಕ್ಕಿನ ಯೂನಿಟ್. ಸರಾಸರಿ 90 ಇದ್ರ 99 ತನಕ ಸೊನ್ನಿ ಬಿಲ್. 140 ಸುಟ್ರ 41 ಯೂನಿಟಿನ ರೊಕ್ಕ ಕಟ್ಟಬೇಕು. 200 ದಾಟಿದ್ರ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಮುಂದಿನ ತಿಂಗಳು ಕಡಿಮಿ ಆದ್ರ ಮತ್ತ ಸಿಗ್ತದ. ಎಸಿ ಹಾಕಸಿದ್ರ ಯೋಜನಾನೇ ಹೋಗಿಬಿಡ್ತದ ಅಂತ ಅಪ್ಪಾರು ಅಂಜೂದು ಬ್ಯಾಡ. ಎರಡು ತಿಂಗಳಿನ ಮಾತು ಅದು.

200 ವ್ಯಾಟಿನ ಕೂಲರ್ ದಿನಾ ಹತ್ತು ತಾಸು ನಡದ್ರ 2 ಯೂನಿಟ್, ತಿಂಗಳಿಗಿ 60. ಒಂದೂವರಿ ಟನ್ನಿನ ಎಸಿ ನಮ್ಮ ಬಿಸಲಾಗ ತಾಸಿಗಿ ಒಂದರಿಂದ ಒಂದೂವರಿ ಯೂನಿಟ್ ತಿಂತದ; ಐದು ತಾಸಿನಂಗ ತಿಂಗಳಿಗಿ 150ಕ್ಕ ಕಡಿಮಿ ಆಗೂದಿಲ್ಲ. ಇನ್ನೊಂದು ಲೆಕ್ಕ ಮಂದಿ ಮಾಡೂದೇ ಇಲ್ಲ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಈಗಿನ ಕಡಿಮಿ ಕರೆಂಟ್ ತಿನ್ನೂ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಮೂರು ಫ್ಯಾನ್ ದಿನಾ 15 ತಾಸು ತಿರಗ್ತಾವಂದ್ರ ತಿಂಗಳಿಗಿ 60 ಯೂನಿಟ್ ಉಳೀತದ, ಅಂದ್ರ ಕೂಲರಿನ ಕರೆಂಟ್ ಫ್ಯಾನಿನ್ಯಾಗೇ ಬಂದಂಗಾಯ್ತು. ಮನಿ ಬಿಡುವಾಗ ಬಿಚ್ಚಿಕೊಂಡು ಒಯ್ಯಬಹುದು. ನಾನು ಯಾರ ಮನಿಗಿ ಹೋದ್ರೂ ಮೊದಲ ಇದನ್ನೇ ಹೇಳ್ತೀನಿ.

ಎಸಿಗಿ ಬ್ಯಾರೆ ವೈರ್ ಎಳಸ್ರಿ. ಹಳೇ ಪಾಯಿಂಟಿಗಿ ಸಿಗಸಿದ್ರ ವೈರ್ ಕಾಯ್ತದ.

ಯಾದಗಿರಿಯಿಂದ:

ಇನ್ವರ್ಟರ್ ಬೇಕಾ ಅಂತ ಕೇಳಿದ್ರಿ, ಬೇಕ್ರಿ. ಕರೆಂಟ್ ಹೋಗೂದೇ ಮಧ್ಯಾಹ್ನ, ಇಲ್ಲಾ ಗಾಳಿ ಮಳಿ ಬಂದ ಸಂಜಿಗಿ. ಸಾದಾ ಮನಿ ಇನ್ವರ್ಟರ್ ಮ್ಯಾಲ ಎಸಿ ನಡ್ಯೂದಿಲ್ಲ, ಕೂಲರ್ ನಡೀತದ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡೀತದ ಅನ್ನೂ ಅಳತಿ) ಬ್ಯಾಟರಿ ಒಂದಿದ್ರ ಒಂದು ಕೂಲರ್, ಎರಡು ಬಿಎಲ್‌ಡಿಸಿ ಫ್ಯಾನ್ ಸುಮಾರು ಐದು ತಾಸು ಎಳೀತಾವ. ಬ್ಯಾಟರಿಗಿ ಡಿಸ್ಟಿಲ್ಡ್ ನೀರು ಹಾಕೂದು ಮರೀಬ್ಯಾಡ್ರಿ. ನಮ್ಮ ಬ್ಯಾಟರಿ ಒಣಗಿ ಎರಡೇ ವರ್ಷಕ್ಕ ಹೋಯ್ತು.

ಕೇಳಿದವರು:

ಎಲ್ಲಾರಿಗೂ ಶರಣ್ರಿ. ಹಕ್ಕಿನ ಯೂನಿಟ್ ವಿಷಯ ಗೊತ್ತೇ ಇರಲಿಲ್ಲ, ಅವ್ವಗ ಬಿಲ್ಲಿನ ಫೋಟೋ ಕಳಸು ಅಂದೀನಿ. ಆದ್ರ ಅಪ್ಪ ಮಧ್ಯಾಹ್ನ ಮನ್ಯಾಗ ಕೂಡಾಕ ಒಪ್ಪೂದಿಲ್ರಿ. ಎರಡು ಸಲ ಬಿದ್ದಿದ್ದೂ ಬ್ಯಾಂಕಿನಿಂದ ಬಂದ ಮ್ಯಾಲೇ.

ಶಹಾಬಜಾರದಿಂದ:

ತಂಗಿ, ಏಪ್ರಿಲ್, ಮೇ ತಿಂಗಳಾಗ ನಮ್ಮ ಕಡಿ ಸರ್ಕಾರಿ ಕಚೇರಿನೇ ಮುಂಜಾನಿ 8ರಿಂದ ಮಧ್ಯಾಹ್ನ ಒಂದೂವರಿ ತನಕ ಇಡ್ತಾರ. ಸರ್ಕಾರನೇ ಬಿಸಲಿಗಿ ತಲಿ ಬಾಗ್ಯದ ಅಂತ ಅಪ್ಪಗ ಹೇಳ್ರಿ. ಬ್ಯಾಂಕಿನ ಕೆಲಸ ಬಾಗಲಾ ತೆರದ ಕೂಡ್ಲೇ ಮುಗಸಿ 11ರೊಳಗ ಮನಿ ಸೇರಲಿ. ಹೋಗುವಾಗ ತಲಿಗಿ ವಸ್ತ್ರ, ಕೈಯಾಗ ನೀರಿನ ಬಾಟ್ಲಿ. ನೀರಡಿಕಿ ಆಗೂ ತನಕ ಕಾಯಬಾರದು, ವಯಸ್ಸಾದವರಿಗಿ ನೀರಡಿಕಿ ತಡಾ ತಿಳೀತದ.

ಇನ್ನೊಂದು ಮುಖ್ಯ ಮಾತು. ಕೆಲವು ಬಿಪಿ ಗುಳಿಗಿ ಮೈಯಾಗಿನ ನೀರು ಹೊರಗ ಹಾಕ್ತಾವ. ನಮ್ಮ ಅತ್ತಿಯವರದೂ ಅಂತಾದೇ ಇತ್ತು, ಬ್ಯಾಸಗಿ ಬರೂ ಮೊದಲ ಡಾಕ್ಟರ್ ನೋಡಿ ಪ್ರಮಾಣ ಬದಲಿ ಮಾಡಿದ್ರು. ನೀವು ಮಾರ್ಚ್‌ದಾಗೇ ಅಪ್ಪನ್ನ ಕರಕೊಂಡು ಹೋಗಿ, ಎರಡು ಸಲ ಬಿದ್ದಿದ್ದು ಬಾಯಿಬಿಟ್ಟು ಹೇಳ್ರಿ. ತಾವೇ ಗುಳಿಗಿ ಬಿಡಬಾರದು. ಓಆರ್‌ಎಸ್‌ನ್ಯಾಗೂ ಉಪ್ಪು ಇರ್ತದ, ಅದನ್ನೂ ಕೇಳೇ ಕೊಡ್ರಿ. ಮೈ ಸುಡ್ತಾ, ಮಾತು ತೊದಲಾಕತ್ತಿದ್ರ ಮಾತ್ರ ಯಾರನ್ನೂ ಕೇಳಕೋತ ಕೂಡಬಾರದು, ಮೈ ಮ್ಯಾಲ ತಣ್ಣೀರು ಹಾಕಿ, ಗಾಳಿ ಬೀಸಿ, 108ಕ್ಕ ಫೋನ್ ಹಚ್ಚಬೇಕು.

ಸುಣ್ಣ ಬಳಿಯವರು ಸಿಗಲಿಲ್ಲಂದ್ರ ಹೇಳ್ರಿ, ನಮ್ಮ ಮನಿಗಿ ಬರೂ ಆಳಿಗೇ ಹೇಳಿ ಕಳಸ್ತೀನಿ. ಮುಂಜಾನಿ ಆರಕ್ಕ ಬಂದು ಒಂಬತ್ತರೊಳಗ ಮುಗಸಿ ಹೋಗ್ತಾನ.