ಪದಚರ್ಚೆ: ‘ಮಾದರಿ ವಿಮಾನ’ ಅಂದರೆ ಮೆಚ್ಚಬೇಕಾದ ವಿಮಾನವೇ?

ಗೆಳೆಯರೇ,

ಪೊನ್ನಂಪೇಟೆ ಕಡೆಯ ನಮ್ಮ ಊರಿನಲ್ಲಿ ಹುತ್ತರಿ ಕಳೆದು ಗದ್ದೆ ಕೊಯ್ಲಾದರೆ ಸಾಕು, ಅಣ್ಣನ ಮಗ ತಾನೇ ಕಟ್ಟಿ ರೇಡಿಯೋ ಮೂಲಕ ಹಾರಿಸುವ ಪುಟ್ಟ ವಿಮಾನಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಮಳೆಗಾಲದಲ್ಲಿ ಹಾರಿಸುವ ಮಾತೇ ಇಲ್ಲ. ಬೇಸಿಗೆಯಲ್ಲೂ ಒಣಗಿದ ಗದ್ದೆ ಬಯಲು ಬಿಟ್ಟರೆ ಬೇರೆ ಜಾಗ ಸಿಗುವುದಿಲ್ಲ. ಉಳಿದದ್ದೆಲ್ಲ ಕಾಫಿ ತೋಟ, ಸಿಲ್ವರ್ ಮರ. ಕಳೆದ ಸಲ ಒಂದು ವಿಮಾನ ಮರದ ಮೇಲೆ ಸಿಕ್ಕಿಕೊಂಡು, ಕರಿಮೆಣಸು ಕೊಯ್ಯುವ ಏಣಿ ತಂದು ಇಳಿಸಿದೆವು.

ಈ ಹುಚ್ಚಿನ ಬಗ್ಗೆ ಒಂದು ಸಂಘದ ಪತ್ರಿಕೆಗೆ ಲೇಖನ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ ನನ್ನ ‘ರಡ್ಡರ್’ (ವಿಮಾನದ ಬಾಲದಲ್ಲಿ ಅತ್ತಿತ್ತ ಆಡುವ ಹಲಗೆ) ಎಲ್ಲ ಕಡೆಯೂ ‘ರಾಡಾರ್’ ಆಗಿದೆ. ತಿದ್ದಿದವರು ಒಳ್ಳೆಯ ಮನಸ್ಸಿನಿಂದಲೇ ತಿದ್ದಿರಬೇಕು. ಆದರೆ ಪಕ್ಕದ ತೋಟದ ಮಾವ ಸೇನೆಯಲ್ಲಿದ್ದು ಬಂದವರು. “ಏನಯ್ಯಾ, ನಿಮ್ಮ ಹುಡುಗನ ವಿಮಾನದ ಬಾಲಕ್ಕೆ ರಾಡಾರ್ ಬೇರೆ ಇದೆಯಾ?” ಎಂದು ಕೇಳಿ ನಕ್ಕರು. ಮುಂದಿನ ಸಂಚಿಕೆಗೆ ತಿದ್ದುಪಡಿ ಬರೆದುಕೊಡಬೇಕು. ಬರೆಯಲು ಕೂತರೆ ಒಂದಲ್ಲ, ನಾಲ್ಕೈದು ಪದ ಕೈಕೊಡುತ್ತಿವೆ.

ಮೊದಲನೆಯದು ವಸ್ತುವಿನ ಹೆಸರೇ. ‘ಮಾದರಿ ವಿಮಾನ’ ಎಂದು ಬರೆದಿದ್ದೆ. ಆಮೇಲೆ ಓದಿದರೆ ‘ಮಾದರಿ ಶಾಲೆ’, ‘ಮಾದರಿ ರೈತ’ ಇದ್ದ ಹಾಗೆ, ಉಳಿದ ವಿಮಾನಗಳೆಲ್ಲ ಇದನ್ನು ನೋಡಿ ಕಲಿಯಬೇಕು ಅನ್ನುವಂತಿದೆ! ಸರಿ, ತಿರುಗಿಸಿ ‘ವಿಮಾನದ ಮಾದರಿ’ ಎನ್ನೋಣ ಅಂದರೆ ಅದೂ ಎಡವಟ್ಟು. ‘ಈ ಮಾದರಿಯ ವಿಮಾನ’ ಎಂದು ಪೇಪರಿನವರು ಬರೆದಾಗ ಅದರ ಅರ್ಥ ತಳಿ, ಬಗೆ. ‘ಆಟಿಕೆ ವಿಮಾನ’ ಅಂದರೆ ಹುಡುಗ ಎರಡು ದಿನ ಮಾತು ಬಿಡುತ್ತಾನೆ. ‘ಅಣಕು ವಿಮಾನ’ ಅಂದರೆ ಬೆಂಕಿ ಆರಿಸುವವರ ಅಣಕು ಪ್ರದರ್ಶನ ನೆನಪಾಗುತ್ತದೆ. ‘ಕಿರುವಿಮಾನ’ ಕಿವಿಗೆ ಚೆನ್ನಾಗಿದೆ. ಆದರೆ ನಾಲ್ಕು ಜನ ಕೂರುವ ಸಣ್ಣ ವಿಮಾನಕ್ಕೂ ಅದನ್ನೇ ಅನ್ನಬಹುದು, ಅಲ್ವಾ?

ಇದರಲ್ಲೇ ಇನ್ನೊಂದು ಕವಲು. ಹುಡುಗ ಈಗ ಕಟ್ಟುತ್ತಿರುವುದು ಮಿಸ್ಟೇರ್ ಎಂಬ ಯುದ್ಧವಿಮಾನವನ್ನು. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಹಾರಿಸಿದ್ದು ಇದೇ ಬಗೆಯ ವಿಮಾನ. ಅದರಲ್ಲೇ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಅನ್ನು ಎದುರಿಸಿ ಹೊಡೆದು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು ಎಷ್ಟೋ ವರ್ಷದ ಮೇಲೆ, 1988ರಲ್ಲಿ. ಆ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಹುಡುಗನದು ಹತ್ತರಲ್ಲೊಂದು ಪಾಲು, ಅಂದರೆ 1.1 ಮೀಟರ್. ಹೀಗೆ ಅಳತೆ ಹಿಡಿದು ಕಟ್ಟಿದ್ದನ್ನು ಸುಮ್ನೆ ‘ಮಾದರಿ’ ಅಂದರೆ ಸಾಲದು. ನಿಘಂಟು ‘ಪ್ರತಿಕೃತಿ’ ಎನ್ನುತ್ತದೆ. ಆದರೆ ಕನ್ನಡ ಪೇಪರಿನಲ್ಲಿ ಪ್ರತಿಕೃತಿ ಕಾಣಿಸಿಕೊಂಡರೆ ಮುಂದಿನ ಪದ ‘ದಹನ’! ದೇವಯ್ಯನವರ ವಿಮಾನಕ್ಕೆ ಆ ಪದ ಹಾಕಲು ನನಗೆ ಕೈ ಬರುತ್ತಿಲ್ಲ. ‘ತದ್ರೂಪು’ ಹೇಗೆ?

ಹೆಸರಿನ ಬರಹದಲ್ಲೂ ಗೊಂದಲವಿದೆ. ಮಿಸ್ಟೇರ್, ಮಿಸ್ಟಿಯರ್, ಮಿಸ್ಟರಿ, ಮೂರನ್ನೂ ನೋಡಿದ್ದೇನೆ. ಅದು ಫ್ರೆಂಚ್ ಹೆಸರು, ಕೊನೆಯ ಸ್ವರ ‘ಏ’ಕಾರಕ್ಕೆ ಹತ್ತಿರ. ಹಾಗಾಗಿ ‘ಮಿಸ್ಟೇರ್’ ಇಟ್ಟುಕೊಂಡಿದ್ದೇನೆ.

ಇನ್ನು ‘ರೇಡಿಯೋ ನಿಯಂತ್ರಣ ವಿಮಾನ’ವೋ, ‘ರೇಡಿಯೋ ನಿಯಂತ್ರಿತ ವಿಮಾನ’ವೋ? ಎರಡನೆಯದೇ ಸರಿ ಎಂದು ನನ್ನ ಅನಿಸಿಕೆ. ಮೊದಲನೆಯದು ವಿಮಾನವೇ ರೇಡಿಯೋವನ್ನು ನಿಯಂತ್ರಿಸುವಂತಿದೆ. ನಮ್ಮಲ್ಲಿ ರೇಡಿಯೋ ಅಂದರೆ ಮಡಿಕೇರಿ ಆಕಾಶವಾಣಿ, 103.1. ಒಬ್ಬರಂತೂ ‘ಆಕಾಶವಾಣಿ ನಿಯಂತ್ರಿತ’ ಎಂದೇ ಮಾಡಬಾರದೇಕೆ ಎಂದರು. ಅದು 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರು ಮಾಡಿದ ಕೇಂದ್ರದ ಹೆಸರು. ಮಾತು ಬಿತ್ತರಿಸುವುದಕ್ಕೆ ಒಪ್ಪುತ್ತದೆ, ರೆಕ್ಕೆ ಅಲ್ಲಾಡಿಸುವುದಕ್ಕಲ್ಲ. ‘ದೂರನಿಯಂತ್ರಿತ’ ಅನ್ನೋಣವೇ? ಅದರಲ್ಲೂ ತೊಡಕಿದೆ. ಎರಡು ತಂತಿ ಕಟ್ಟಿ, ನಡುವೆ ನಿಂತು, ಸುತ್ತಲೂ ಹಾರಿಸುವ ವಿಮಾನಗಳೂ ಇವೆ. ಅವನ್ನೂ ದೂರದಿಂದಲೇ ಆಡಿಸುವುದು, ಆದರೆ ರೇಡಿಯೋ ಇಲ್ಲ. ಹಾಗಾಗಿ ರೇಡಿಯೋ ಇರಲೇಬೇಕು.

ಅದನ್ನು ‘ರೇಡಿಯೊ’ ಎಂದು ಬರೆಯುವವರೂ ಇದ್ದಾರೆ. ನಾವು ಆಡುವುದು ದೀರ್ಘವಾಗಿಯೇ. ರಡ್ಡರ್ ಮುಂತಾದವನ್ನು ಆಡಿಸುವ ಪುಟ್ಟ ಮೋಟಾರು ‘ಸರ್ವೋ’ಗೂ ಹಾಗೇ ಮಾಡಿದೆ. ಆದರೆ ಪ್ರತ್ಯಯ ಹತ್ತಿದಾಗ ‘ಸರ್ವೋಗೆ’ ಬರೆಯಬೇಕೋ ‘ಸರ್ವೋವಿಗೆ’ ಬರೆಯಬೇಕೋ ತಿಳಿಯಲಿಲ್ಲ. ಇನ್ನು ‘ರಡ್ಡರ್‌ಗೆ’ ಎಂದು ಬಿಡಿಸಿ ಟೈಪ್ ಮಾಡಿದ್ದು ಅಚ್ಚಿಗೆ ಹೋಗುವಷ್ಟರಲ್ಲಿ ‘ರಡ್ಡರ್ಗೆ’ ಆಗಿ ಅರ್ಕಾವತ್ತು ಹೊತ್ತುಕೊಳ್ಳುತ್ತದೆ. ‘ರಡ್ಡರಿಗೆ’ ಎಂದುಬಿಟ್ಟರೆ ಈ ರಗಳೆಯೇ ಇಲ್ಲ. ಬಸ್ಸಿಗೆ, ಕಾರಿಗೆ ಅನ್ನುವುದಿಲ್ಲವೇ?

ಈಗ ಮುಖ್ಯ ವಿಷಯಕ್ಕೆ ಬಂದೆ. ರಡ್ಡರಿಗೆ ‘ಚುಕ್ಕಾಣಿ’ ಎಂಬ ಒಳ್ಳೆಯ ಪದ ಇದೆ. ಅದನ್ನು ಬರೆದಿದ್ದರೆ ಯಾರೂ ರಾಡಾರ್ ಮಾಡುತ್ತಿರಲಿಲ್ಲ. ಆದರೆ ‘ಚುಕ್ಕಾಣಿ ಹಿಡಿದರು’ ಅಂದಾಗ ನಮ್ಮ ಮನಸ್ಸಿಗೆ ಬರುವುದು ಇಡೀ ಹಿಡಿತ. ವಿಮಾನದಲ್ಲಿ ಹಾಗಲ್ಲ. ಹೆಚ್ಚಿನ ವಿಮಾನಗಳು ತಿರುಗುವುದು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಏಲೆರಾನ್‌ಗಳಿಂದ. ಒಂದು ಮೇಲೆ ಏಳುತ್ತದೆ, ಇನ್ನೊಂದು ಕೆಳಗೆ ಇಳಿಯುತ್ತದೆ, ವಿಮಾನ ವಾಲಿಕೊಂಡು ತಿರುಗುತ್ತದೆ. ಬಾಲದ ರಡ್ಡರ್ ಮೂತಿಯನ್ನು ಅತ್ತಿತ್ತ ಸರಿಸುತ್ತದೆ, ಅಷ್ಟೆ. ಹಾಗಂತ ಕಲಿಯುವವರ ಸಾದಾ ವಿಮಾನದಲ್ಲಿ ಕೆಲವೊಮ್ಮೆ ಏಲೆರಾನ್ ಇರುವುದೇ ಇಲ್ಲ. ರೆಕ್ಕೆಗಳೆರಡೂ ತುದಿಯಲ್ಲಿ ತುಸು ಮೇಲೆದ್ದಿರುತ್ತವೆ. ರಡ್ಡರ್ ತಳ್ಳಿದರೆ ಮೂತಿ ಹೊರಳಿ, ಹಾಗೆ ಮೇಲೆದ್ದ ರೆಕ್ಕೆಗಳ ದೆಸೆಯಿಂದ ವಿಮಾನ ತಾನೇ ವಾಲುತ್ತದೆ. ಅಲ್ಲಿ ಮಾತ್ರ ‘ಚುಕ್ಕಾಣಿ’ ನೂರಕ್ಕೆ ನೂರು ಸರಿ.

ಏಲೆರಾನ್ ಕೂಡ ಫ್ರೆಂಚ್‌ನಿಂದ ಬಂದದ್ದು, ಮೂಲದಲ್ಲಿ ‘ಸಣ್ಣ ರೆಕ್ಕೆ’ ಎಂದು ಅರ್ಥ. ಹಾಗಾದರೆ ‘ಮರಿರೆಕ್ಕೆ’ ಎನ್ನಬಹುದಲ್ಲ? ನನಗಂತೂ ಹಿಡಿಸಿದೆ. ಹುಡುಗ ಮಾತ್ರ ಒಪ್ಪುವುದಿಲ್ಲ, “ಚಿಕ್ಕಪ್ಪಾ, ಅಂಗಡಿಯಲ್ಲಿ ಮರಿರೆಕ್ಕೆ ಕೊಡಿ ಅಂದರೆ ಕೋಳಿ ಅಂಗಡಿಗೆ ಕಳಿಸ್ತಾರೆ” ಎನ್ನುತ್ತಾನೆ. ಮೇಲೆತ್ತುವ ಬಲಕ್ಕೆ ‘ಲಿಫ್ಟ್’ ಎಂದು ಬರೆದದ್ದನ್ನು ನಾನೇ ಹೊಡೆದು ಹಾಕಿದೆ. ಗದ್ದೆ ಬಯಲಿನಲ್ಲಿ ಲಿಫ್ಟ್ ಎಲ್ಲಿಂದ ಬಂತು ಎಂದು ಮಾವ ಇನ್ನೊಂದು ಸಲ ನಗುತ್ತಿದ್ದರು.

ಕ್ರಿಯಾಪದ ಸುಲಭ. ‘ಚಲಾಯಿಸು’ ಬೇಡ, ‘ಓಡಿಸು’ ಬೇಡ. ಗಾಳಿಪಟದ ಹಾಗೆ ‘ಹಾರಿಸು’. ಕೊಡಗಿನಲ್ಲಿ ‘ಹಾರಿಸಿದರು’ ಅಂದರೆ ಗುಂಡು ಎಂದು ತಿಳಿಯುವ ಭಯ ಸ್ವಲ್ಪ ಇದೆ, ಹುತ್ತರಿಯ ಹೊತ್ತಿಗಂತೂ ಜಾಸ್ತಿ.

ಕೆಲವರು ‘ಎಲ್ಲವೂ ಡ್ರೋನ್ ಎಂದು ಬರೆದುಬಿಡಿ’ ಎನ್ನುತ್ತಾರೆ. 2021ರ ಡ್ರೋನ್ ನಿಯಮಗಳೇ ಇವಕ್ಕೆ ಬೇರೆ ಹೆಸರು ಕೊಟ್ಟಿವೆ: ತೂಕ 25 ಕಿಲೋ ಮೀರದ, ಕಲಿಕೆಗೋ ಸಂಶೋಧನೆಗೋ ಖುಷಿಗೋ ಮಾತ್ರ, ಕಣ್ಣಿಗೆ ಕಾಣುವಷ್ಟು ದೂರದೊಳಗೆ ಹಾರಿಸುವಂಥದ್ದು ‘ಮಾಡೆಲ್’. ಸರ್ಕಾರವೇ ಬೇರೆ ಮಾಡಿದ್ದನ್ನು ನಾವು ಒಟ್ಟು ಸೇರಿಸಬೇಕಾಗಿಲ್ಲ.

ಹಾಗಾಗಿ ಸದ್ಯಕ್ಕೆ ‘ರೇಡಿಯೋ ನಿಯಂತ್ರಿತ ಕಿರುವಿಮಾನ’ ಎಂದು ಮೊದಲ ಸಲ ಬರೆದು, ಆಮೇಲೆ ಬರೀ ‘ಕಿರುವಿಮಾನ’ ಎಂದು ಮುಂದುವರಿಸಿದ್ದೇನೆ. ಅಳತೆಯದಕ್ಕೆ ‘ತದ್ರೂಪು’, ರೆಕ್ಕೆ ತುದಿಯಿಂದ ತುದಿಯ ಅಳತೆಗೆ ‘ರೆಕ್ಕೆಹರವು’. ಇವುಗಳಿಗಿಂತ ಬಳಕೆಯ ಪದ ನಿಮ್ಮ ಕಡೆ ಇದ್ದರೆ ತಿಳಿಸಿ. ಕರಾವಳಿಯವರು ಯಾರಾದರೂ ಇದ್ದರೆ ಒಂದು ಮಾತು ಬೇಕು: ದೋಣಿಯವರು ‘ಚುಕ್ಕಾಣಿ’ ಎನ್ನುವುದು ನೀರಿನೊಳಗಿನ ಹಲಗೆಗೋ, ಕೈಯಲ್ಲಿ ಹಿಡಿಯುವ ಕೋಲಿಗೋ, ಎರಡಕ್ಕೂ ಸೇರಿಯೋ? ಅದು ಗೊತ್ತಾದರೆ ತಿದ್ದುಪಡಿ ಕಳಿಸಿಬಿಡುತ್ತೇನೆ.