ಪದಚರ್ಚೆ: ಕಾರಿನ ಅಡಿಗೆ ಏನನ್ನೋಣ? (ಗಡ್ಡೆ, ಕೆಳಮೈ, ಅಚ್ಚು, ಪಾಟಾ)

ಬಳಗದವರಿಗೆ ನಮಸ್ಕಾರ.

ಅಳತೆಗೆ ತಕ್ಕ ಪುಟ್ಟ ಕಾರುಗಳನ್ನು ಕಟ್ಟುವ ಹವ್ಯಾಸಿಗಳಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ‘ಮಾದರಿ ಕಾರು’ ಅಂತ ಬರೆದರೆ ಮಾದರಿ ಶಾಲೆಯಂಥ ಸದ್ಗುಣಿ ಕಾರು ಅನಿಸುತ್ತದೆ, ಅದಕ್ಕೇ ‘ಪುಟ್ಟ ಕಾರು’. ಈಗ ತೊಡಕಾಗಿರುವುದು 1:24 ಅಳತೆಯ ಅಂಬಾಸಿಡರಿನ ಅಡಿಭಾಗಕ್ಕೆ ಅಸಲಿ ಕಾರಿನ ವಿವರಗಳನ್ನು ಕೂಡಿಸುವ ಅಧ್ಯಾಯ. ಇಂಗ್ಲಿಷಿನಲ್ಲಿ ‘ಅಂಡರ್‌ಕ್ಯಾರೇಜ್’ ಅಂದರೆ ಮುಗಿಯಿತು. ಅದನ್ನೇ ಇಟ್ಟುಕೊಳ್ಳಲು ಮಡಿವಂತಿಕೆಯೇನೂ ಇಲ್ಲ. ಆದರೆ ವಿಮಾನದ ವಿಷಯ ಓದುವವರಿಗೆ ಆ ಪದ ನೆಲಕ್ಕಿಳಿಯುವಾಗ ಚಾಚುವ ಚಕ್ರಗಳನ್ನು ನೆನಪಿಸುತ್ತದೆ, ನನ್ನ ಓದುಗರಲ್ಲಿ ವಿಮಾನ ಕಟ್ಟುವವರೂ ಇದ್ದಾರೆ.

ಗ್ಯಾರೇಜಿನಲ್ಲಿ ‘ಅಂಡರ್ ಚಾಸಿ’ ಅನ್ನುತ್ತಾರೆ. ಚಾಸಿ ಅಂದರೆ ಗಾಡಿಯ ಮೈಯನ್ನು ಹೊರುವ ಬೇರೆಯೇ ಚೌಕಟ್ಟು. ಲಾರಿಗೆ ಅದು ಒಪ್ಪುತ್ತದೆ. ಅಂಬಾಸಿಡರಿಗೆ ಪ್ರತ್ಯೇಕ ಚಾಸಿಯೇ ಇಲ್ಲವಲ್ಲ! ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿ, 2014ರವರೆಗೆ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಈ ಕಾರಿನಲ್ಲಿ ಮೈಯೂ ಅಡಿಯೂ ಒಟ್ಟಿಗೆ ಬೆಸೆದ ತಗಡಿನ ಕಟ್ಟು.

‘ತಳ’ ಅನ್ನಬಹುದಿತ್ತು. ಆದರೆ ಪಾತ್ರೆಯ ತಳ ಹತ್ತಿತು ಅಂದಾಗ ನಾವು ಹೇಳುವುದು ಒಳಗಿನ ತಳವನ್ನು. ಕಾರಿನ ತಳ ಅಂದರೂ ಮ್ಯಾಟ್ ಹಾಸುವ ಜಾಗವೋ, ರಸ್ತೆಯ ಕೆಸರು ತಾಗುವ ಜಾಗವೋ ತಿಳಿಯುವುದಿಲ್ಲ. ಹಾಗಾಗಿ ಕೆಳಗಿನಿಂದ ಕಾಣುವ ಹೊರಮೈಗೆ ‘ಕೆಳಮೈ’ ಅಂದುಕೊಂಡಿದ್ದೇನೆ. ಚಕ್ರ, ಸ್ಪ್ರಿಂಗು, ತೊಲೆಗಳೆಲ್ಲ ಸೇರಿದ ಒಟ್ಟು ಕಟ್ಟಿಗೆ ಮಾತ್ರ ಇನ್ನೊಂದು ಪದ ಬೇಕು. ಅಲ್ಲಿ ನನಗೆ ಹೊಳೆದದ್ದು ‘ಗಡ್ಡೆ’. ಜಾತ್ರೆ ಮುಗಿದು ಮೇಲಿನ ಅಲಂಕಾರ ಬಿಚ್ಚಿದ ಮೇಲೆ ಉಳಿಯುವ, ಗಾಲಿಗಳ ಸಮೇತದ ಮರದ ಭಾಗಕ್ಕೆ ತೇರಿನ ಗಡ್ಡೆ ಅನ್ನುತ್ತೇವೆ. ‘ಕಾರಿನ ಗಡ್ಡೆ’ ಅಂದರೆ ಓದುಗರು ಆಲೂಗಡ್ಡೆಯನ್ನು ನೆನೆದು ನಕ್ಕಾರೋ ಏನೋ. ಆದರೂ ನನ್ನ ಒಲವು ಅದರ ಕಡೆಗೇ.

ಮುಂದಿನದು ‘ಅಚ್ಚು’, ಅಂದರೆ ಎರಡು ಬದಿಯ ಗಾಲಿಗಳನ್ನು ಸೇರಿಸುವ ದಂಡ, ಇಂಗ್ಲಿಷಿನ ಎಕ್ಸೆಲ್. ತೇರಿನದು ಮುರಿದರೆ ಪತ್ರಿಕೆಯಲ್ಲಿ ‘ರಥದ ಅಚ್ಚು ಮುರಿದು’ ಅಂತ ಬರುತ್ತದೆ, ಬಸ್ಸಿನದಾದರೆ ಅದೇ ಪತ್ರಿಕೆಯಲ್ಲಿ ‘ಎಕ್ಸೆಲ್ ತುಂಡಾಗಿ’. ನಮ್ಮ ಕೆಲಸದಲ್ಲಿ ಬಿಡಿಭಾಗಗಳನ್ನು ರೆಸಿನ್‌ನಲ್ಲಿ ಎರಕ ಹೊಯ್ಯುವುದೂ ಉಂಟು. ಆಗ ‘ಅಚ್ಚಿನಿಂದ ಅಚ್ಚನ್ನು ಮೆಲ್ಲಗೆ ಬಿಡಿಸಿ’ ಎಂಬ ವಾಕ್ಯ ಹುಟ್ಟುತ್ತದೆ! ಇವೆರಡೂ ಮೂಲದಲ್ಲೇ ಬೇರೆ: ಗಾಲಿಯದು ಸಂಸ್ಕೃತದ ಅಕ್ಷದಿಂದ ಬಂದದ್ದು, ಎರಕದ್ದು ತಮಿಳು, ತೆಲುಗುಗಳಲ್ಲೂ ಇರುವ ನಮ್ಮದೇ ಪದ. ಗಾಡಿಯ ಮಾತಾದ ‘ಇರುಸು’ ಇದೆಯಲ್ಲ ಅಂತ ಯಾರಾದರೂ ಹೇಳುವ ಮೊದಲೇ ಒಂದು ಮಾತು. ಎತ್ತಿನ ಗಾಡಿಯಲ್ಲಿ ಇರುಸು ನಿಂತಲ್ಲೇ ಇದ್ದು ಗಾಲಿ ಮಾತ್ರ ತಿರುಗುತ್ತದೆ. ಅಂಬಾಸಿಡರಿನ ಹಿಂಭಾಗದಲ್ಲಿ ಎಕ್ಸೆಲ್ಲೇ ತಿರುಗಿ ಗಾಲಿಯನ್ನು ತಿರುಗಿಸುತ್ತದೆ, ಅದೂ ಕೊಳವೆಯೊಳಗೆ ಅಡಗಿಕೊಂಡು. ಮೆಕ್ಯಾನಿಕ್ಕುಗಳು ಆ ಕೊಳವೆಗೆ ‘ಹೌಸಿಂಗ್’ ಅನ್ನುತ್ತಾರೆ. ಕಾರನ್ನು ಬೋರಲು ಹಾಕಿದಾಗ ಕಾಣುವುದೂ ನಾವು ಮಾಡಬೇಕಾದದ್ದೂ ಆ ಹೌಸಿಂಗನ್ನೇ. ಆದ್ದರಿಂದ ಅಚ್ಚನ್ನು ಎರಕಕ್ಕೆ ಬಿಟ್ಟುಕೊಟ್ಟು ಇಲ್ಲಿ ಹೌಸಿಂಗ್ ಅಂತಲೇ ಬರೆಯುತ್ತಿದ್ದೇನೆ. ಸೈಲೆನ್ಸರ್, ಶಾಕಲ್ (ಸ್ಪ್ರಿಂಗಿನ ತುದಿಯನ್ನು ಮೈಗೆ ತೂಗುಹಾಕುವ ಕೊಂಡಿ), ಯು-ಬೋಲ್ಟ್ (ಸ್ಪ್ರಿಂಗನ್ನು ಹೌಸಿಂಗಿಗೆ ಬಿಗಿಯುವ ಬಾಗಿದ ಬೋಲ್ಟ್) ಇತ್ಯಾದಿಗಳ ತಂಟೆಗೆ ಹೋಗಿಲ್ಲ.

ನಿಮ್ಮ ಅಭಿಪ್ರಾಯ ನಿಜವಾಗಿ ಬೇಕಿರುವುದು ಹಿಂದಿನ ಸ್ಪ್ರಿಂಗಿನ ಬಗ್ಗೆ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಈ ‘ಲೀಫ್ ಸ್ಪ್ರಿಂಗಿ’ಗೆ ನಾನು ‘ಪಾಟಾ’ ಅಂದಿದ್ದೇನೆ. ಕರಡಿನ ಒಂದು ತುಣುಕು ಹಾಕುತ್ತೇನೆ, ಓದಿ ನೋಡಿ:

“ಅಸಲಿ ಪಾಟಾದ ಒಂದೊಂದು ಪಟ್ಟಿ 6 ಮಿ.ಮೀ. ದಪ್ಪ ಎಂದುಕೊಂಡರೆ ನಮಗೆ ಬೇಕಾದದ್ದು ಕಾಲು ಮಿ.ಮೀ. ದಪ್ಪದ ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ. ಉದ್ದನೆಯ ಪಟ್ಟಿ ಕಾರಿನ ಮೈ ಕಡೆಗೆ ಬರಲಿ, ಕೆಳಗಿಳಿದಂತೆ ಗಿಡ್ಡವಾಗುತ್ತ ಹೋಗಲಿ. ಅಂಟು ಹಸಿಯಿರುವಾಗಲೇ ದಪ್ಪ ಪೆನ್ನಿನ ಮೇಲೆ ಒತ್ತಿ ಬಾಗು ಕೊಡಿ. ತೆಳು ತಾಮ್ರದ ತಂತಿ ಬಗ್ಗಿಸಿದರೆ ಯು-ಬೋಲ್ಟ್ ಆಯಿತು. ಮುಂದಿನ ತುದಿ ಮೈಗೆ ನೇರ ಸೇರುತ್ತದೆ. ಹಿಂದಿನ ತುದಿ ಮಾತ್ರ ಶಾಕಲ್‌ನಲ್ಲಿ ತೂಗಬೇಕು, ಏಕೆಂದರೆ ಭಾರ ಬಿದ್ದು ಪಾಟಾ ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುತ್ತದೆ. ಮುಂದಿನ ಗಾಲಿಗಳಿಗೆ ಸುರುಳಿ ಸ್ಪ್ರಿಂಗ್ ಅಂಟಿಸಿಬಿಡಬೇಡಿ. ಹಳೆಯ ಅಂಬಾಸಿಡರಿನಲ್ಲಿ ಅಲ್ಲಿರುವುದು ಟಾರ್ಷನ್ ಬಾರ್: ಗಾಲಿಯ ತೋಳಿನಿಂದ ಹಿಂದಕ್ಕೆ, ಕೆಳಮೈಗುಂಟ ಚಾಚಿದ ಸಲಾಕೆ. ಗಾಲಿ ಏರಿಳಿದಂತೆ ಅದು ತಿರುಚಿಕೊಳ್ಳುತ್ತದೆ. ಸೈಲೆನ್ಸರ್ ಕೊಳವೆಗೆ ಬೆಸುಗೆಯ ಸೀಸ ಒಳ್ಳೆಯದು, ಬಗ್ಗಿಸಿದಲ್ಲಿ ನಿಲ್ಲುತ್ತದೆ.”

ಈ ಪಟ್ಟಿ ಮುರಿದಾಗ ಬಸ್ಸು ಲಾರಿಯವರ ಬಾಯಲ್ಲಿ ‘ಪಾಟಾ ಕಟ್’, ‘ಬ್ಲೇಡ್ ಕಟ್’ ಎರಡೂ ಕೇಳುತ್ತವೆ. ಬ್ಲೇಡ್ ಅಂದರೆ ನಮ್ಮ ಓದುಗರಿಗೆ ಮೊದಲು ಹಾಳೆ ಕತ್ತರಿಸುವ ಬ್ಲೇಡೇ ನೆನಪಾಗುವುದರಿಂದ ಅದನ್ನು ಬಿಟ್ಟೆ. ‘ಕಮಾನು’ ಅಂದವರಿದ್ದಾರೆ, ಆದರೆ ಅದು ಬಾಗಿಲ ಕಮಾನನ್ನು ಎಳೆದು ತರುತ್ತದೆ. ಹಳೇ ಮೈಸೂರು, ಕರಾವಳಿ ಕಡೆಯವರಿಗೆ ಪಾಟಾ ತಟ್ಟನೆ ಅರ್ಥವಾಗುತ್ತದೆಯೇ? ಇಲ್ಲವಾದರೆ ನಿಮ್ಮೂರ ಗ್ಯಾರೇಜಿನಲ್ಲಿ ಏನನ್ನುತ್ತಾರೆ?

ಬಣ್ಣದ ಅಧ್ಯಾಯಕ್ಕೂ ಒಂದು ಪದ ಬೇಕು. ಕೆಳಮೈಗೆ ಬರೀ ಕಪ್ಪು ಬಳಿದರೆ ಆಟಿಕೆಯಂತೆಯೇ ಉಳಿಯುತ್ತದೆ. ಎಂಜಿನ್ನಿನ ಅಡಿಗೆ ಎಣ್ಣೆಯ ಹೊಳಪು, ಗಾಲಿಯ ಹಿಂದೆ ಕೆಮ್ಮಣ್ಣಿನ ಧೂಳು, ಸೈಲೆನ್ಸರಿಗೆ ತುಕ್ಕಿನ ಕಂದು ಹೀಗೆ ಹಚ್ಚುವುದಕ್ಕೆ ‘ವೆದರಿಂಗ್’ ಅನ್ನುತ್ತಾರೆ. ನಾನು ‘ಮಾಸಲು ಹಚ್ಚುವುದು’ ಅಂತ ಬರೆದಿದ್ದೇನೆ. ಮಾಸು ಕ್ರಿಯಾಪದ, ಮಾಸಲು ಬಣ್ಣ ಗುಣವಾಚಕ. ಅದನ್ನು ಹೀಗೆ ಹಚ್ಚುವ ವಸ್ತುವಾಗಿಸಿದರೆ ಕಿವಿಗೆ ಒರಟಾಗುತ್ತದೆಯೇ?

ಕೊನೆಗೊಂದು ಕಾಗುಣಿತದ ಗೊಂದಲ. ಷಷ್ಠಿಯಲ್ಲಿ ‘ಪಾಟಾದ’ ಸರಿಯೋ ‘ಪಾಟದ’ ಸರಿಯೋ? ಎರಡನೆಯದು ನನಗೆ ಸಹಜ ಅನಿಸುತ್ತದೆ, ಆದರೆ ಕರಡು ತಿದ್ದುವವರು ಅದನ್ನು ಎರಡು ಕಡೆ ‘ಪಾಠದ’ ಮಾಡಿಟ್ಟಿದ್ದಾರೆ.